ನಾಯಿ ಗೇಟಿಗೆ ಬರುವ ಮುಂಚೆ: ಸಾಕುವವರಿಗಾಗಿ ಊರಿನ ಶೆಲ್ಟರ್ ಮಾಡಬಹುದಾದ ಕೆಲಸ

ದಿಕ್ಕಿಲ್ಲದ ನಾಯಿ, ಬೆಕ್ಕಿಗೆ ಆಸರೆ ಕೊಡುವ ಶೆಲ್ಟರಿನಲ್ಲಿ ಇಪ್ಪತ್ತು ಗೂಡಿದ್ದರೆ ಇಪ್ಪತ್ತೊಂದನೆಯ ನಾಯಿ ಬಂದ ದಿನದಿಂದ ಎಲ್ಲವೂ ಏರುಪೇರು. ಒಂದೇ ಗೂಡಿಗೆ ಎರಡು ಹಾಕಬೇಕು, ಅವು ಕಚ್ಚಾಡುತ್ತವೆ, ಗಾಯಕ್ಕೆ ಹುಳು ಬೀಳುತ್ತದೆ. ಒಂದು ಮರಿಗೆ ಪಾರ್ವೋ ಎಂಬ ಅಂಟುರೋಗ ತಗುಲಿದರೆ ಸಾಲಿಗೆ ಸಾಲೇ ಮಲಗುತ್ತದೆ. ಇನ್ನೂ ಹತ್ತು ಗೂಡು ಕಟ್ಟಿಸೋಣ ಎಂದು ದೇಣಿಗೆ ಎತ್ತಲು ಹೊರಡುವ ಕಮಿಟಿಗಳಿಗೆ ಒಂದೇ ಮಾತು: ಕಟ್ಟಿದಷ್ಟೂ ತುಂಬುತ್ತವೆ.

ಗೇಟಿಗೆ ಕಟ್ಟಿ ಹೋದ ಸಾಕುನಾಯಿಗಳ ಹಿನ್ನೆಲೆ ಕೆದಕಿ ನೋಡಿ. ಮನೆ ಓನರ್ ನಾಯಿ ಬೇಡ ಎಂದರು, ಹೆಣ್ಣುನಾಯಿ ಎರಡನೇ ಸಲ ಮರಿ ಹಾಕಿತು, ಚರ್ಮದ ಕಾಯಿಲೆಗೆ ಖರ್ಚು ಹೆಚ್ಚಾಯಿತು, ಸೊಸೆ ಬಸುರಿ, ನೋಡಿಕೊಳ್ಳುತ್ತಿದ್ದ ಅಜ್ಜ ತೀರಿಕೊಂಡರು. ಇವುಗಳಲ್ಲಿ ಹೆಚ್ಚಿನವು ಎರಡು ಫೋನು, ಒಂದು ಸಂತಾನಹರಣ ಆಪರೇಷನ್ ಅಥವಾ ಒಂದು ಮೂಟೆ ಆಹಾರದಲ್ಲಿ ಬಗೆಹರಿಯುವಂಥವು. ನಾಯಿ ಗೂಡಿಗೆ ಬಂದ ಮೇಲೆ ಅದೇ ಕೆಲಸಕ್ಕೆ ಹತ್ತುಪಟ್ಟು ಖರ್ಚು. ಕೆಳಗಿರುವುದೆಲ್ಲ ಐದಾರು ಜನ ಸ್ವಯಂಸೇವಕರು ಮತ್ತು ಒಬ್ಬ ಪಶುವೈದ್ಯರ ಆಸರೆ ಇರುವ ತಾಲ್ಲೂಕು ಮಟ್ಟದ ಶೆಲ್ಟರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಬೇಕಾದದ್ದು ಒಂದು ಫೋನು

ಸ್ವಯಂಸೇವಕರ ಸ್ವಂತ ನಂಬರನ್ನು ಊರಿಗೆಲ್ಲ ಹಂಚಬೇಡಿ. ಆರು ತಿಂಗಳಲ್ಲಿ ಅವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಹಳೆಯ ಹ್ಯಾಂಡ್‌ಸೆಟ್ಟಿಗೆ ಹೊಸ ಸಿಮ್ ಹಾಕಿ. ಬೆಳಿಗ್ಗೆ 9ರಿಂದ 11, ಸಂಜೆ 5ರಿಂದ 7, ಇಷ್ಟೇ ಹೊತ್ತು. ಉಳಿದ ಸಮಯಕ್ಕೆ ವಾಟ್ಸಾಪ್‌ನಿಂದ ತಾನಾಗಿ ಹೋಗುವ ಒಂದು ಉತ್ತರ ಇರಲಿ: ತುರ್ತಾದರೆ ಹೋಗಬೇಕಾದ ಪಶು ಆಸ್ಪತ್ರೆ, ಅದು ತೆರೆದಿರುವ ವೇಳೆ, ದನಕರುಗಳಿಗಾದರೆ 1962. ಪಕ್ಕದಲ್ಲಿ ಒಂದು ನೋಟ್‌ಬುಕ್: ತಾರೀಕು, ಹೆಸರು, ಬಡಾವಣೆ, ಪ್ರಾಣಿ, ತೊಂದರೆ, ಹೇಳಿದ ಪರಿಹಾರ, ಮತ್ತೆ ಫೋನ್ ಮಾಡಬೇಕಾದ ದಿನ. ಕೊನೆಯ ಕಾಲಂ ಖಾಲಿ ಬಿಟ್ಟರೆ ಉಳಿದ ಆರು ಕಾಲಂ ತುಂಬಿಯೂ ಪ್ರಯೋಜನವಿಲ್ಲ.

ಕರೆ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ:

"ಹಲೋ, ನಮ್ಮನೇಲಿ ಒಂದು ಲ್ಯಾಬ್ರಡಾರ್ ನಾಯಿ ಇದೆ, ನೀವು ತಗೊಂಡು ಹೋಗ್ತೀರಾ?"

"ನಮಸ್ಕಾರ ಅಮ್ಮಾ. ಎಷ್ಟು ವರ್ಷದ್ದು? ಏನಂತ ಕರೀತೀರಿ ಅದನ್ನ?"

"ಬ್ರೂನೋ ಅಂತ. ನಾಲ್ಕು ವರ್ಷ."

"ಈಗ ಏನು ತೊಂದ್ರೆ ಆಗ್ತಿದೆ? ಯಾವಾಗಿಂದ?"

"ರಾತ್ರಿಯೆಲ್ಲಾ ಬೊಗಳತ್ತಪ್ಪ. ಕೆಳಗಡೆ ಮನೆಯವ್ರು ದಿನಾ ಜಗಳಕ್ಕೆ ಬರ್ತಾರೆ."

"ಹಗಲು ಎಲ್ಲಿರತ್ತಮ್ಮ?"

"ಟೆರೇಸ್ ಮೇಲೆ ಕಟ್ಟಾಕಿರ್ತೀವಿ."

ವಿಷಯ ಹೊರಗೆ ಬಿತ್ತು. ಹಗಲಿಡೀ ಟೆರೇಸಿನಲ್ಲಿ ಕಟ್ಟಿಸಿಕೊಂಡು ನಿದ್ದೆ ಹೊಡೆದ ನಾಯಿ ರಾತ್ರಿ ಬೊಗಳದೆ ಇನ್ನೇನು ಮಾಡೀತು. ಹೇಳಬೇಕಾದದ್ದು: ಬೆಳಿಗ್ಗೆ ಅರ್ಧ ಗಂಟೆ, ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ನಡೆದಾಟ, ಅದು ಮೂಸಿ ನೋಡುವಷ್ಟು ಹೊತ್ತು ನಿಲ್ಲಲು ಬಿಡಬೇಕು, ಊಟ ನಡೆದು ಬಂದ ಮೇಲೆ, ಮಲಗುವುದು ಟೆರೇಸಿನಲ್ಲಲ್ಲ, ಮನೆಯೊಳಗೆ, ಆಗದಿದ್ದರೆ ಬಾಗಿಲ ಪಕ್ಕದ ಮೆಟ್ಟಿಲಿನಲ್ಲಿ. ಹದಿನಾಲ್ಕು ದಿನ ಹೀಗೆ ಮಾಡಿ ನೋಡಲಿ. ನೀವು ಮೂರನೆಯ ದಿನ ಮತ್ತು ಹತ್ತನೆಯ ದಿನ ಫೋನ್ ಮಾಡಿ. ಮೂರನೆಯ ದಿನದ ಕರೆಯೇ ಮುಖ್ಯ, ಏಕೆಂದರೆ ಆಗಿನ್ನೂ ಬೊಗಳುವುದು ಕಡಿಮೆಯಾಗಿರುವುದಿಲ್ಲ, ಮನೆಯವರು ಕೈಬಿಡುವುದು ಆ ದಿನವೇ.

ಇದರ ಬದಲು "ಯಾಕೆ ಬಿಡ್ತಿದೀರಿ? ತಂದಾಗ ಗೊತ್ತಿರಲಿಲ್ವಾ?" ಎಂದು ಶುರು ಮಾಡಿದರೆ ಆ ಕಡೆಯಿಂದ ಫೋನ್ ಕಟ್ ಆಗುತ್ತದೆ, ಬ್ರೂನೋ ಯಾವುದೋ ಹೈವೇ ಢಾಬಾದ ಮುಂದೆ ಇಳಿಯುತ್ತಾನೆ. ಕಾನೂನು ತೋರಿಸಿ ಹೆದರಿಸುವುದರಿಂದಲೂ ಹೆಚ್ಚೇನೂ ಗಿಟ್ಟದು. ಸಾಕಿದ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ನಿಜ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಆಟೋ ಚಾರ್ಜಿಗಿಂತ ಕಡಿಮೆ.

ಮನೆಯಲ್ಲಿ ಬಸುರಿ ಇದ್ದಾಳೆ, ಬೆಕ್ಕು ಬೇಡ ಎಂಬ ಕರೆ ತುಂಬ ಬರುತ್ತದೆ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಭಯ ಅದು. ಬೆಕ್ಕಿನ ಮಲದಲ್ಲಿ ಬರುವ ಅದರ ಮೊಟ್ಟೆಗಳು ರೋಗ ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ಮಲದ ಟ್ರೇಯನ್ನು ದಿನಾ ಒಮ್ಮೆ ಬೇರೆಯವರು ಬಳಿದು ಹಾಕಿದರೆ ಸಾಕು. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈಗವಸಿಲ್ಲದೆ ಮಾಡುವ ತೋಟದ ಕೆಲಸ, ಇವುಗಳಿಂದಲೂ ಅದು ಬರುತ್ತದೆ ಎಂದು ತಿಳಿಸಿ, ಗರ್ಭಿಣಿಯ ಡಾಕ್ಟರ ಹತ್ತಿರ ಒಂದು ಮಾತು ಕೇಳಿಕೊಳ್ಳಲು ಹೇಳಿ. ಅಪಾರ್ಟ್‌ಮೆಂಟಿನ ಸಂಘದವರು ನಾಯಿಯನ್ನೇ ನಿಷೇಧಿಸಿದ್ದಾರೆ ಎಂದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರತಿ ಕಳಿಸಿ. ಸಂಘಗಳು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಅದರಲ್ಲಿದೆ. ಬಾಡಿಗೆ ಮನೆಯ ಓನರ್ ವಿಷಯ ಬೇರೆ. ಅಲ್ಲಿ ಸುತ್ತೋಲೆಗಿಂತ ಲಸಿಕೆ ಕಾರ್ಡು, ಆಪರೇಷನ್ ಆದ ಚೀಟಿ ಮತ್ತು "ಗೋಡೆ ಹಾಳಾದರೆ ನಾನೇ ಬಣ್ಣ ಹೊಡೆಸುತ್ತೇನೆ" ಎಂಬ ಒಂದು ಸಾಲಿನ ಬರಹ ಹೆಚ್ಚು ಕೆಲಸ ಮಾಡುತ್ತವೆ.

ಫೋನಿನ ಪಕ್ಕದ ಗೋಡೆಗೆ ಇವಿಷ್ಟನ್ನು ದಪ್ಪಕ್ಷರದಲ್ಲಿ ಅಂಟಿಸಿ. ಫೋನ್ ಎತ್ತುವವರು ವೈದ್ಯರಲ್ಲ. ಯಾವುದು ಕಾಯುವಂಥದ್ದಲ್ಲ ಎಂದಷ್ಟೇ ಅವರಿಗೆ ಗೊತ್ತಿರಬೇಕು.

- ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಒಂದು ಮಾತ್ರೆಯೇ ಕೊಲ್ಲಬಹುದು. ಜ್ವರದ ಮಾತ್ರೆ ಕೊಟ್ಟಿದ್ದಾರೆ ಎಂದರೆ ತಕ್ಷಣ ಆಸ್ಪತ್ರೆ.
- ನಾಯಿಗೆಂದು ಇರುವ ಪರ್ಮೆಥ್ರಿನ್ ಸೇರಿದ ಉಣ್ಣೆ ಔಷಧಿ ಬೆಕ್ಕಿಗೆ ಹಚ್ಚಬಾರದು. ಹಚ್ಚಿ ನಡುಗುತ್ತಿದ್ದರೆ ತಕ್ಷಣ ಆಸ್ಪತ್ರೆ.
- ಗಂಡುಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ: ಇವತ್ತೇ. ನಾಳೆ ನಾಡಿದ್ದರಲ್ಲಿ ಸಾಯಬಹುದು.
- ದೊಡ್ಡ ನಾಯಿಯ ಹೊಟ್ಟೆ ಉಬ್ಬಿದೆ, ವಾಂತಿಗೆ ಹೆಣಗುತ್ತಿದೆ, ಏನೂ ಬರುತ್ತಿಲ್ಲ: ಈಗಲೇ, ಒಂದು ಗಂಟೆಯೂ ತಡಮಾಡದೆ.
- ಮರಿಗೆ ವಾಂತಿ, ರಕ್ತಭೇದಿ: ಇವತ್ತೇ, ಬೇರೆ ಮರಿಗಳಿಂದ ದೂರ. ನೆಲಕ್ಕೆ ಫಿನಾಯಿಲ್ ಸಾಲದು. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಮೂವತ್ತು ಪಾಲು ನೀರು, ಹತ್ತು ನಿಮಿಷ ನೆನೆಯಲಿ.
- ಯಾರಿಗಾದರೂ ಕಚ್ಚಿದೆ: ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸೀದಾ ಸರ್ಕಾರಿ ಆಸ್ಪತ್ರೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಬೇಡ.

ರೇಬಿಸ್ ಲಸಿಕೆಯ ಕ್ಯಾಂಪು

ಊರಿನ ಜನ ಶೆಲ್ಟರನ್ನು ಗುರುತಿಸುವುದು ಈ ಕ್ಯಾಂಪಿನಿಂದ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ಪಾಲು ನಾಯಿಯಿಂದಲೇ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ಅದು ಹರಡುವುದು ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ ಲೆಕ್ಕ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ವಾರದ ಭಾನುವಾರ ಇಟ್ಟುಕೊಂಡರೆ ಎರಡು ಅನುಕೂಲ: ಪಶುಪಾಲನಾ ಇಲಾಖೆಯವರನ್ನು ಜೊತೆಗೆ ಕೂಡಿಸಿಕೊಳ್ಳುವುದು ಸುಲಭ, ದೀಪಾವಳಿ ಪಟಾಕಿಯ ವಿಷಯ ಹೇಳಲೂ ಅದೇ ಸರಿಯಾದ ಸಮಯ. ಪ್ರತಿ ವರ್ಷ ಅದೇ ವಾರ ಮಾಡಿ. "ಮುಂದಿನ ಡೋಸ್ 27-9" ಎಂದು ಕಾರ್ಡಿನಲ್ಲಿ ಬರೆದದ್ದನ್ನು ಜನ ಮರೆಯುತ್ತಾರೆ. "ದಸರಾ ಹೊತ್ತಿಗೆ ಬರ್ತಾರೆ" ಎಂಬುದನ್ನು ಮರೆಯುವುದಿಲ್ಲ.

ಜಾಗಕ್ಕೆ ನೆರಳು, ನಲ್ಲಿ ಮತ್ತು ಎರಡು ದಾರಿ ಬೇಕು. ಒಳಗೆ ಬರುವ ದಾರಿಯಲ್ಲೇ ಹೊರಗೆ ಹೋಗುವಂತಿದ್ದರೆ ಎದುರಾಬದುರಾದ ನಾಯಿಗಳು ಕಚ್ಚಾಡುವುದು ಖಂಡಿತ. ಸಮುದಾಯ ಭವನದ ಅಂಗಳ ಒಳ್ಳೆಯದು. ವೇಳೆ ಬೆಳಿಗ್ಗೆ 7ರಿಂದ 10. ಹತ್ತರ ಮೇಲೆ ನೆಲ ಕಾಯುತ್ತದೆ, ನಾಯಿಗಳೂ ಮನುಷ್ಯರೂ ಸಿಡುಕುತ್ತಾರೆ. ಬೆಕ್ಕುಗಳಿಗೆ ಕೊನೆಯ ಅರ್ಧ ಗಂಟೆ, ನಾಯಿಗಳೆಲ್ಲ ಹೋದ ಮೇಲೆ. ಬುಟ್ಟಿ ಇಲ್ಲದವರು ಹಳೆಯ ದಿಂಬಿನ ಕವರಿನಲ್ಲಿ ಹಾಕಿ ತರಲಿ. ಬರಿಗೈಯಲ್ಲಿ ತಂದ ಬೆಕ್ಕು ಕಾಂಪೌಂಡಿನಾಚೆ ಹಾರಿದರೆ ಹುಡುಕುವ ಕೆಲಸ ನಿಮ್ಮ ತಲೆಗೆ.

ನೂರು ಪ್ರಾಣಿಗಳ ಕ್ಯಾಂಪಿಗೆ ಬೇಕಾಗುವ ಸಾಮಾನು: 110 ಡೋಸ್ ಲಸಿಕೆ, 2 ಮಿ.ಲೀ. ಸಿರಿಂಜು 120, ಹತ್ತಿ, ಸ್ಪಿರಿಟ್, ನಾಲ್ಕು ಹಗ್ಗದ ಬೆಲ್ಟು, ಮೂರಿಂಚು ಅಗಲದ ಬ್ಯಾಂಡೇಜ್ ಬಟ್ಟೆ ಹತ್ತು ಸುರುಳಿ, ಕಾರ್ಡು 110, ಎರಡು ಬಕೆಟ್ ನೀರು, ಸೋಪು. ಅಲರ್ಜಿ ಆದರೆ ಕೊಡಬೇಕಾದ ಅಡ್ರಿನಲಿನ್ ವಗೈರೆ ವೈದ್ಯರ ಪೆಟ್ಟಿಗೆಯಲ್ಲಿದೆಯೇ ಎಂದು ಹಿಂದಿನ ರಾತ್ರಿಯೇ ಕೇಳಿ. ಲಸಿಕೆ ಹಾಕುವುದು ಪಶುವೈದ್ಯರು, ಇಲ್ಲವೇ ಅವರ ಉಸ್ತುವಾರಿಯಲ್ಲಿ ಪಶುವೈದ್ಯಕೀಯ ಪರೀಕ್ಷಕರು; ಕೈ ಪಳಗಿದೆ ಎಂದುಕೊಳ್ಳುವ ಸ್ವಯಂಸೇವಕರಲ್ಲ. ಪ್ರಾಣಿ ಹಿಡಿಯುವ ಎಲ್ಲರೂ ಮುಂಚಿತವಾಗಿಯೇ ರೇಬಿಸ್ ಲಸಿಕೆ ಹಾಕಿಸಿಕೊಂಡಿರಬೇಕು. ನಮ್ಮಲ್ಲಿ ಅದು 0, 7, ಮತ್ತು 21 ಅಥವಾ 28ನೇ ದಿನ, ಹಾಗಾಗಿ ಕ್ಯಾಂಪಿಗೆ ಒಂದು ತಿಂಗಳು ಮೊದಲೇ ಶುರು ಮಾಡಬೇಕಾಗುತ್ತದೆ.

ಕ್ಯಾಂಪು ಕೆಡುವುದು ಐಸ್ ಬಾಕ್ಸಿನಲ್ಲಿ, ಮತ್ತು ಕೆಟ್ಟದ್ದು ಯಾರಿಗೂ ಕಾಣುವುದಿಲ್ಲ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಿಸಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಅಷ್ಟೇ ಕೆಡುತ್ತದೆ ಎಂಬುದನ್ನು ಮರೆಯುತ್ತಾರೆ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ವಯಲುಗಳ (ಲಸಿಕೆಯ ಪುಟ್ಟ ಸೀಸೆಗಳ) ಮೇಲಿಟ್ಟರೆ ತಾಗಿದ ವಯಲುಗಳು ಹೆಪ್ಪುಗಟ್ಟುತ್ತವೆ, ಮತ್ತೆ ಕರಗುತ್ತವೆ, ನೋಡಲು ಸರಿಯಾಗಿಯೇ ಇರುತ್ತವೆ, ನಾಯಿಯ ಮೈಯಲ್ಲಿ ಕೆಲಸ ಮಾತ್ರ ಮಾಡುವುದಿಲ್ಲ. ಪ್ಯಾಕನ್ನು ಹೊರಗಿಟ್ಟು, ಮೇಲ್ಮೈ ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಿರಿ. ಆಮೇಲೆ ಬಾಕ್ಸಿನ ಗೋಡೆಗೆ ಜೋಡಿಸಿ, ನಡುವೆ ನಾಲ್ಕು ಮಡಿಕೆ ನ್ಯೂಸ್‌ಪೇಪರ್ ಇಟ್ಟು ವಯಲು ಇಡಿ. ಒಂದು ಥರ್ಮಾಮೀಟರ್ ವಯಲುಗಳ ಪಕ್ಕದಲ್ಲೇ ಇರಲಿ, ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಬಾಕ್ಸನ್ನು ಒಬ್ಬರೇ ತೆಗೆಯಬೇಕು. ಅದೇ ಬಾಕ್ಸಿನಲ್ಲಿ ಜ್ಯೂಸು, ನೀರಿನ ಬಾಟಲಿ ಇಡುವ ಅಭ್ಯಾಸವಂತೂ ಬೇಡವೇ ಬೇಡ. ಸಮಯ ಉಳಿಯಲಿ ಎಂದು ಐವತ್ತು ಸಿರಿಂಜಿಗೆ ಮೊದಲೇ ತುಂಬಿಡುವುದೂ ತಪ್ಪು. ಒಂದು ಸಲಕ್ಕೆ ಎರಡು ಮೂರು, ತುಂಬುವ ಮುಂಚೆ ವಯಲನ್ನು ಚೆನ್ನಾಗಿ ಅಲ್ಲಾಡಿಸಿ. ಹತ್ತು ಡೋಸಿನ ವಯಲು ತೆರೆದ ಮೇಲೆ ಉಳಿದದ್ದನ್ನು ನಾಳೆಗೆಂದು ಫ್ರಿಜ್ಜಿಗೆ ಸೇರಿಸಬೇಡಿ.

ನೋಂದಣಿ ಮೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ವಯಸ್ಸು ಮೂರು ತಿಂಗಳು ದಾಟಿದೆಯೇ? ಇವತ್ತು ಊಟ ಮಾಡಿದೆಯೇ, ಜ್ವರ ಭೇದಿ ಇದೆಯೇ? ಬಸುರಿಯೇ? ಕಳೆದ ಹತ್ತು ದಿನಗಳಲ್ಲಿ ಯಾರಿಗಾದರೂ ಕಚ್ಚಿದೆಯೇ? ನಾಲ್ಕನೆಯದಕ್ಕೆ ಹೌದು ಎಂದರೆ ಆ ದಿನ ಲಸಿಕೆ ಬೇಡ. ಕಚ್ಚಿದ ನಾಯಿಯನ್ನು ಹತ್ತು ದಿನ ಮನೆಯಲ್ಲೇ ಕಟ್ಟಿ ಗಮನಿಸಬೇಕು. ನಡುವೆ ಲಸಿಕೆ ಹಾಕಿ ಮಂಕಾದರೆ ಅದು ಲಸಿಕೆಯಿಂದಲೋ ರೋಗದಿಂದಲೋ ತಿಳಿಯದೆ ಕಚ್ಚಿಸಿಕೊಂಡವರ ಜೀವಕ್ಕೇ ಗೊಂದಲ. ಆ ಮನೆಯ ವಿಳಾಸ ಬರೆದುಕೊಂಡು ಹನ್ನೊಂದನೆಯ ದಿನ ಹೋಗಿ ಹಾಕಿ ಬನ್ನಿ.

ಚಿಕ್ಕ ಮಕ್ಕಳ ಕೈಯಲ್ಲಿ ನಾಯಿ ಕಳಿಸಿರುತ್ತಾರೆ. ಮಗುವಿನ ಹತ್ತಿರ ಹಿಡಿಸಬೇಡಿ, ದೊಡ್ಡವರನ್ನು ಕರೆಸಿ. ಕಚ್ಚಬಹುದು ಎನ್ನಿಸಿದ ನಾಯಿಗೆ ಬ್ಯಾಂಡೇಜ್ ಬಟ್ಟೆಯಿಂದಲೇ ಮೂತಿಪಟ್ಟಿ ಕಟ್ಟಬಹುದು: ಒಂದೂಕಾಲು ಮೀಟರ್ ಉದ್ದ ಕತ್ತರಿಸಿ, ನಡುವೆ ಒಂದು ಸಡಿಲ ಗಂಟಿನ ಕುಣಿಕೆ ಮಾಡಿ, ಕುಣಿಕೆಯನ್ನು ಮೂತಿಗೆ ಹಾಕಿ ಮೇಲ್ಗಡೆ ಬಿಗಿಸಿ, ಎರಡು ತುದಿಗಳನ್ನು ಗದ್ದದ ಕೆಳಗೆ ಅಡ್ಡಹಾಯಿಸಿ ಕಿವಿಯ ಹಿಂದೆ ಜಾರುಗಂಟು. ಚುಚ್ಚಿದ ಕೂಡಲೇ ಬಿಚ್ಚಬೇಕು. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟೇ. ಕಟ್ಟಿಯೇ ಬಿಟ್ಟರೆ ಬಿಸಿಲಿನಲ್ಲಿ ಕುಸಿಯುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಇದು ಬೇಡ.

ಲಸಿಕೆ ಆದ ಮೇಲೆ ಇಪ್ಪತ್ತು ನಿಮಿಷ ನೆರಳಿನಲ್ಲಿ ಕೂರಿಸಿ. ಮುಖ ಊದುವುದು, ವಾಂತಿ, ಕುಸಿಯುವುದು ಕಂಡರೆ ವೈದ್ಯರು ಅಲ್ಲೇ ಇರುತ್ತಾರೆ. ಈ ಇಪ್ಪತ್ತು ನಿಮಿಷವೇ ನಿಮ್ಮ ನಿಜವಾದ ಕಾರ್ಯಕ್ರಮ ಎನ್ನಬಹುದು: ಆಪರೇಷನ್ ಆಗಿದೆಯೇ, ಉಣ್ಣೆ ಇದೆಯೇ, ಮನೆಯಲ್ಲಿ ಏನು ಕಷ್ಟ ಎಂದು ಕೇಳಲು ಇನ್ನೊಮ್ಮೆ ಅವಕಾಶ ಸಿಗದು. ಕಾರ್ಡಿನಲ್ಲಿ ಬಣ್ಣ, ಲಿಂಗ, ವಯಸ್ಸು, ಲಸಿಕೆಯ ಹೆಸರು, ಬ್ಯಾಚ್ ನಂಬರು, ವೈದ್ಯರ ಸಹಿ. ಪಾಲಿಕೆಯ ಲೈಸೆನ್ಸ್ ಬೇಕಾದ ಬೆಂಗಳೂರಿನಂಥ ಕಡೆ ಈ ಕಾರ್ಡೇ ಆಧಾರ. ಮೊದಲ ಸಲ ಹಾಕಿಸಿದ ಮರಿಗೆ ಮೂರು ನಾಲ್ಕು ವಾರದ ಮೇಲೆ ಮತ್ತೊಂದು ಡೋಸ್ ಇದೆ ಎಂಬುದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಸೂಜಿಗಳು ತೂತಾಗದ ಬಿಳಿ ಡಬ್ಬಕ್ಕೆ, ಗಾಜಿನ ವಯಲು ನೀಲಿಗೆ, ಹತ್ತಿ ಹಳದಿ ಚೀಲಕ್ಕೆ. ಕೊನೆಗೆ ಎಲ್ಲವೂ ಆಸ್ಪತ್ರೆಯ ತ್ಯಾಜ್ಯದ ಜೊತೆ ಹೋಗಬೇಕು, ಭವನದ ಹಿಂದಿನ ತಿಪ್ಪೆಗಲ್ಲ.

ಆಪರೇಷನ್‌ಗೆ ನೆರವು

ಬೀದಿನಾಯಿಗಳ ಸಂತಾನಹರಣ ಯೋಜನೆಯನ್ನು ಶೆಲ್ಟರ್ ತನ್ನಷ್ಟಕ್ಕೆ ಶುರು ಮಾಡುವಂತಿಲ್ಲ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಅದಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಸಾಕಿದ ಪ್ರಾಣಿಯ ಆಪರೇಷನ್ ಸಾಕಿದವರ ಹೊಣೆ. ಅಲ್ಲಿ ನೀವು ಮಾಡಬಹುದಾದದ್ದು ದಾರಿ ಸುಲಭ ಮಾಡುವುದು. ಪಶು ಆಸ್ಪತ್ರೆ ಅಥವಾ ಖಾಸಗಿ ವೈದ್ಯರ ಹತ್ತಿರ ವಾರಕ್ಕೊಂದು ದಿನ, ನಾಲ್ಕು ಪ್ರಾಣಿಗೆಂದು ಮಾತಾಡಿಕೊಳ್ಳಿ. ಬೀದರ್, ಹೆಬ್ಬಾಳ, ಶಿವಮೊಗ್ಗ, ಹಾಸನದ ಸುತ್ತಮುತ್ತ ಇರುವವರು ಅಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಮೊದಲು ಕೇಳಿ. ಹಣಕ್ಕಿಂತ ಗಾಡಿಯೇ ಹೆಚ್ಚು ಜನರಿಗೆ ಅಡ್ಡಿ: ಇಪ್ಪತ್ತೈದು ಕಿಲೋದ ನಾಯಿಯನ್ನು ಬೈಕಿನಲ್ಲಿ ಒಯ್ಯಲಾಗದು, ಆಟೋದವರು ಹತ್ತಿಸುವುದಿಲ್ಲ. ಒಬ್ಬ ಗೂಡ್ಸ್ ಆಟೋದವರನ್ನು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಆರು ತಿಂಗಳು ತುಂಬಿದ ಆರೋಗ್ಯವಾದ ನಾಯಿ, ಬೆಕ್ಕಿಗೆ ಮಾಡಿಸಬಹುದು. ಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಾಗಬಲ್ಲದು, ಅದನ್ನು ವೈದ್ಯರ ಹತ್ತಿರ ಮೊದಲೇ ಮಾತಾಡಿ. ನಾಯಿ ಬೆದೆಯಲ್ಲಿದ್ದರೆ ರಕ್ತಸ್ರಾವ ಹೆಚ್ಚು. ಎರಡು ಮೂರು ತಿಂಗಳು ಬಿಡುವುದು ವಾಸಿ. ನಮ್ಮ ಹವೆಗೆ ಉಣ್ಣೆ ಕಾಟ ವರ್ಷವಿಡೀ, ಟಿಕ್ ಫೀವರ್ ಬಂದ ನಾಯಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿದಿರುತ್ತದೆ, ಹೊರಗೆ ಲಕ್ಷಣವೇ ಇಲ್ಲದೆಯೂ. ಆಪರೇಷನ್ ಮುಂಚಿನ ರಕ್ತಪರೀಕ್ಷೆಯನ್ನು ಖರ್ಚು ಉಳಿಸಲು ಬಿಡಬೇಡಿ. ಬೇಕಾದರೆ ತಿಂಗಳಿಗೆ ನಾಲ್ಕು ಆಪರೇಷನ್ ಕಡಿಮೆ ಮಾಡಿ.

ಹಿಂದಿನ ರಾತ್ರಿ ಹತ್ತಕ್ಕೆ ಕೊನೆಯ ಊಟ, ನೀರು ಬೆಳಿಗ್ಗೆ ಗಾಡಿ ಬರುವವರೆಗೆ ಕೊಡಬಹುದು. ಮರಿಗಳಿಗೆ ಇಷ್ಟು ಉಪವಾಸ ಸಲ್ಲದು, ಎಷ್ಟೆಂದು ವೈದ್ಯರೇ ಹೇಳಬೇಕು. ಎಡವಟ್ಟಾಗುವುದು ಹೀಗೆ: ಫೋನಿನಲ್ಲಿ ಮಾತಾಡಿದ್ದು ಮಗ, ಬೆಳಿಗ್ಗೆ ಐದಕ್ಕೆ ಎದ್ದು ಹಾಲಿಗೆ ರಸ್ಕ್ ಅದ್ದಿ ಕೊಟ್ಟಿದ್ದು ಅಜ್ಜಿ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ನಾಯಿ ಉಳಿಯುವುದು ಕಷ್ಟ. ಆದ್ದರಿಂದ ಹಿಂದಿನ ಸಂಜೆಯ ಕರೆ ಅಡುಗೆಮನೆಯವರಿಗೇ ಹೋಗಲಿ, ಬೆಳಿಗ್ಗೆ ಹತ್ತಿಸಿಕೊಳ್ಳುವಾಗ "ಅಜ್ಜಿ, ಏನಾದ್ರೂ ಕೊಟ್ರಾ?" ಎಂದು ನಗುತ್ತಲೇ ಇನ್ನೊಮ್ಮೆ ಕೇಳಿ. ಕೊಟ್ಟಿದ್ದಾರೆ ಎಂದರೆ ಮುಂದಿನ ವಾರ. ಬೈಯಬೇಡಿ, ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ.

ಮನೆಗೆ ಬಂದ ಮೇಲೆ ಹತ್ತರಿಂದ ಹದಿನಾಲ್ಕು ದಿನ ಸ್ನಾನವಿಲ್ಲ, ಮೆಟ್ಟಿಲು ಹತ್ತಿ ಹಾರುವುದಿಲ್ಲ, ಹೊಲಿಗೆ ನೆಕ್ಕುವುದಿಲ್ಲ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಸಿಗದಿದ್ದರೆ ಮಕ್ಕಳ ಹಳೆಯ ಟೀ ಶರ್ಟ್ ಆದೀತು: ತಲೆ ಕೊರಳಿನಲ್ಲಿ, ಮುಂಗಾಲು ತೋಳಿನಲ್ಲಿ ತೂರಿಸಿ, ಕೆಳಗಿನ ಅಂಚನ್ನು ಬೆನ್ನ ಮೇಲೆ ಒಟ್ಟುಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಬಾಲಕ್ಕೂ ಉಚ್ಚೆಗೂ ಅಡ್ಡವಾಗದಂತೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬಾರದೆಂದು ಬಿಡಿಸಿ ಹೇಳಿ, ಹೇಳದಿದ್ದರೆ ಹಚ್ಚುತ್ತಾರೆ. ಸ್ವಲ್ಪ ಊತ ಸಹಜ. ಕೀವು, ವಾಸನೆ, ಹೊಲಿಗೆ ಬಾಯಿ ಬಿಡುವುದು, ವಸಡು ಬಿಳಿಚಿಕೊಳ್ಳುವುದು, ಮಾರನೆಯ ದಿನವೂ ಊಟ ಮುಟ್ಟದಿರುವುದು ಸಹಜವಲ್ಲ. ಗಂಡುನಾಯಿ ಆಪರೇಷನ್ ಆದ ಮೇಲೂ ನಾಲ್ಕಾರು ವಾರ ಗರ್ಭಕಟ್ಟಿಸಬಲ್ಲದು. ಇದನ್ನು ಹೇಳದೆ ಬಿಟ್ಟು "ಆಪರೇಷನ್ನೇ ಸರಿಯಾಗಿಲ್ಲ" ಎಂದು ಬೈಸಿಕೊಳ್ಳುವ ಶೆಲ್ಟರುಗಳಿವೆ.

ಆಹಾರದ ನೆರವು

ಕೆಲಸ ಕಳೆದುಕೊಂಡ ಮನೆಗೆ ತಿಂಗಳ ಲೆಕ್ಕದಲ್ಲಿ ಕೊಡಿ, ಮೂರು ತಿಂಗಳಿಗೊಮ್ಮೆ ಮತ್ತೆ ವಿಚಾರಿಸಿ. ಹತ್ತು ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲೊರಿ ಬೇಕು. ನೂರು ಗ್ರಾಮಿಗೆ 350 ಕ್ಯಾಲೊರಿಯ ಒಣ ಆಹಾರವಾದರೆ 180 ಗ್ರಾಂ, ತಿಂಗಳಿಗೆ ಐದೂವರೆ ಕಿಲೋ. ಆಪರೇಷನ್ ಮಾಡಿಸಿದರೆ ಮಾತ್ರ ಆಹಾರ ಎಂಬ ಷರತ್ತು ಕೆಲವರು ಹಾಕುತ್ತಾರೆ. ಅದು ಸರಿಯಲ್ಲ: ಹಸಿದ ನಾಯಿಯನ್ನು ಒತ್ತೆ ಇಟ್ಟಂತೆ. ಎರಡು ತಿಂಗಳು ಬಂದು ಹೋದವರು ಮೂರನೆಯ ಸಲ ಆಪರೇಷನ್ ವಿಷಯ ತಾವೇ ಕೇಳುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ದಾಸ್ತಾನು ಬೂಷ್ಟು ಹಿಡಿಯುತ್ತದೆ, ಆ ವಿಷಕ್ಕೆ ಲಿವರ್ ಹೋಗುತ್ತದೆ. ಮೂಟೆ ನೆಲದಿಂದ ಅರ್ಧ ಅಡಿ ಮೇಲಿರಲಿ, ವಾಸನೆ ಬಂದದ್ದನ್ನು ತಿಪ್ಪೆಗೆ ಹಾಕಿ.

ಮನೆಯ ಅಡುಗೆಯೇ ಹಾಕುವವರಿಗೆ: ಮುದ್ದೆ, ಅನ್ನ ಹೊಟ್ಟೆ ತುಂಬಿಸುತ್ತವೆ, ಅಷ್ಟು ಸಾಲದು. ಮೊಟ್ಟೆ, ಕೋಳಿ, ಮೀನು ಸೇರಬೇಕು. ಹಾಲನ್ನದಲ್ಲೇ ಬೆಳೆದ ಮರಿಯ ಮುಂಗಾಲು ಸೊಟ್ಟಗಾಗುವುದನ್ನು ಎಲ್ಲ ಶೆಲ್ಟರಿನವರೂ ನೋಡಿರುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ದ್ರಾಕ್ಷಿ ಚಾಕೊಲೇಟ್ ಬೇಡ, ಬೇಯಿಸಿದ ಮೂಳೆ ಬೇಡವೇ ಬೇಡ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ತಪ್ಪಿಸಿಕೊಂಡರೆ

ದೀಪಾವಳಿಯ ಮೂರು ರಾತ್ರಿ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಸೆಪ್ಟೆಂಬರಿನ ಕ್ಯಾಂಪಿನಲ್ಲೇ ಪ್ರತಿ ಬೆಲ್ಟಿನ ಒಳಮೈಗೆ ಅಳಿಸದ ಮಾರ್ಕರಿನಲ್ಲಿ ಫೋನ್ ನಂಬರು ಬರೆದುಕೊಡಿ. ಬೀಗದ ಕೈ ಮಾಡುವ ಅಂಗಡಿಯಲ್ಲಿ ಕೆತ್ತಿಸಿದ ಬಿಲ್ಲೆ ಇನ್ನೂ ಒಳ್ಳೆಯದು. ಚರ್ಮದಡಿ ಕೂರಿಸುವ ಮೈಕ್ರೋಚಿಪ್ ಹಾಕಿಸಿದವರು ಅದರ 15 ಅಂಕಿಯ ಸಂಖ್ಯೆಯನ್ನು ತಮ್ಮ ನಂಬರಿನೊಂದಿಗೆ ನೋಂದಾಯಿಸಿದ್ದಾರೆಯೇ ಕೇಳಿ, ಚಿಪ್ಪಿನಿಂದ ನಾಯಿ ಎಲ್ಲಿದೆ ಎಂದು ತಿಳಿಯುವುದಿಲ್ಲ ಎಂಬುದನ್ನೂ ಹೇಳಿ. ಹಬ್ಬದ ದಿನ ಸಂಜೆ ಆರರೊಳಗೆ ನಡೆದಾಟ ಮುಗಿಸಿ, ಒಳಗಿನ ಕೋಣೆ, ಮುಚ್ಚಿದ ಕಿಟಕಿ, ಜೋರಾಗಿ ಫ್ಯಾನು ಟೀವಿ. ಗೇಟಿಗೆ ಕಟ್ಟಬಾರದು. ಮೆಡಿಕಲ್ ಶಾಪಿನ ನಿದ್ದೆ ಮಾತ್ರೆಯೂ ಬೇಡ: ಕೆಲವು ಔಷಧಿ ಮೈಯನ್ನು ಅಲುಗದಂತೆ ಮಾಡುತ್ತವೆಯೇ ಹೊರತು ಹೆದರಿಕೆ ಕಳೆಯುವುದಿಲ್ಲ.

ಓಡಿಹೋದದ್ದನ್ನು ಹುಡುಕಲು ಒಳ್ಳೆಯ ಹೊತ್ತು ಬೆಳಗಿನ ಜಾವ ನಾಲ್ಕೂವರೆಯಿಂದ ಆರು. ಬೀದಿ ಖಾಲಿ, ಹಸಿದ ನಾಯಿ ಹೊರಬರುತ್ತದೆ. ಹಾಲು, ಪೇಪರ್ ಹಾಕುವವರು, ಪೌರಕಾರ್ಮಿಕರು, ಬೆಳಗಿನ ಟೀ ಅಂಗಡಿ, ಆಟೋ ಸ್ಟ್ಯಾಂಡು, ಇವರ ಕೈಗೆ ಫೋಟೋ ತಲುಪಿಸಿ. ಕಂಡ ಕೂಡಲೇ ಅಟ್ಟಿಸಿಕೊಂಡು ಹೋದರೆ ಇನ್ನೊಂದು ಬಡಾವಣೆ ದಾಟುತ್ತದೆ. ಮನೆಯವರೇ ಓರೆಯಾಗಿ ಕೆಳಗೆ ಕೂತು ಹೆಸರು ಹಿಡಿದು ಕರೆಯಲಿ. ಪೋಸ್ಟರಿನಲ್ಲಿ ಒಂದು ಗುರುತು ಮಾತ್ರ ಹಾಕಬೇಡಿ, ಹೊಟ್ಟೆಯ ಕೆಳಗಿನ ಬಿಳಿ ಮಚ್ಚೆಯಂಥದ್ದು. "ನಾಯಿ ಸಿಕ್ಕಿದೆ, ಮೊದಲು ದುಡ್ಡು ಕಳಿಸಿ" ಎಂದು ಫೋನ್ ಮಾಡುವವರನ್ನು ಆ ಮಚ್ಚೆಯೇ ಹಿಡಿದುಕೊಡುತ್ತದೆ.

ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದಾಗ, ಬಿಡಲೇಬೇಕು ಎಂದಾಗ

ಒಂಟಿಯಾಗಿರುವ ಹಿರಿಯರು ಆಸ್ಪತ್ರೆ ಸೇರಿದಾಗ ನಾಯಿಯನ್ನು ಶೆಲ್ಟರಿನ ಗೂಡಿಗಿಂತ ಫಾಸ್ಟರ್ ಮನೆಗೆ (ಸ್ವಲ್ಪ ದಿನದ ಮಟ್ಟಿಗೆ ನೋಡಿಕೊಳ್ಳುವವರ ಮನೆಗೆ) ಕಳಿಸುವುದು ಒಳ್ಳೆಯದು. ಒಂದು ಹಾಳೆಯ ಒಪ್ಪಂದ ಬರೆಸಿಕೊಳ್ಳಿ: ಎಷ್ಟು ದಿನ (ಹೆಚ್ಚೆಂದರೆ 30, ಮತ್ತೆ ಬರೆದು ಮುಂದುವರಿಸಬಹುದು), ಔಷಧಿಯ ಖರ್ಚು ಯಾರದು, ಅವಧಿ ಮುಗಿದು ಇಷ್ಟು ದಿನದೊಳಗೆ ಯಾರೂ ಬರದಿದ್ದರೆ ದತ್ತು ಕೊಡಬಹುದೇ. ಎರಡು ಫೋನ್ ನಂಬರು ಬೇಕೇ ಬೇಕು, ಎರಡನೆಯದು ಬೇರೆ ಮನೆಯಲ್ಲಿರುವ ಸಂಬಂಧಿಕರದು, ಅಲ್ಲೇ ಎದುರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಎಲ್ಲ ಮಾಡಿಯೂ ಕೆಲವು ಮನೆಗಳಲ್ಲಿ ನಾಯಿ ಉಳಿಯುವಂತಿರುವುದಿಲ್ಲ. ಆಗ "ಇವತ್ತೇ ತನ್ನಿ" ಎನ್ನಬೇಡಿ, ದಿನ ಕೊಡಿ. ಕಾಯುವ ಎರಡು ವಾರದಲ್ಲಿ ಲಸಿಕೆ ಹಾಕಿಸಿ, ಹೊಸ ಮನೆ ಹುಡುಕಲು ಅವರೇ ಒಳ್ಳೆಯ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದು ಕಳಿಸಲಿ. ಒಂದಷ್ಟು ನಾಯಿಗಳು ನಿಮ್ಮ ಗೇಟು ನೋಡದೆಯೇ ನೇರ ಹೊಸ ಮನೆಗೆ ಹೋಗುತ್ತವೆ. ಬಂದೇ ಬಂದರೆ ಫಾರಮ್ಮಿನಲ್ಲಿ ಇವಿರಲಿ: ಕರೆಯುವ ಹೆಸರು, ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ, ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಮಕ್ಕಳನ್ನು, ಬೆಕ್ಕನ್ನು, ಗಂಡಸರನ್ನು ಕಂಡರೆ ಹೇಗೆ, ಯಾವತ್ತಾದರೂ ಕಚ್ಚಿದೆಯೇ. ಕಚ್ಚಿದ್ದನ್ನು ಮುಚ್ಚಿಡುವುದು ಸಾಮಾನ್ಯ, ಆದ್ದರಿಂದ "ಯಾವಾಗ ಗುರ್ ಅನ್ನತ್ತೆ?" ಎಂದು ಕೇಳಿ, ಅದಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ. ಬರುವಾಗ ಅದು ಮಲಗುತ್ತಿದ್ದ ಬೆಡ್‌ಶೀಟನ್ನು ಒಗೆಯದೆ ಹಾಗೇ ತರಲು ಹೇಳಿ. ಮೊದಲ ಮೂರು ರಾತ್ರಿ ಆ ಬೆಡ್‌ಶೀಟು ಗೂಡಿನಲ್ಲಿರಲಿ, ಯಾರೂ ಎತ್ತಿ ಒಗೆಯಲು ಹಾಕಬಾರದೆಂದು ಗೂಡಿನ ಬಾಗಿಲಿಗೆ ಚೀಟಿ ಕಟ್ಟಿ.